ಚೌಕಟ್ಟಿನೊಳಗೆ ಇಬ್ಬರು

ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹಿಂದಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಭಾಗ್ಯಳಿಗೆ ಊರಲ್ಲಿ ಒಳ್ಳೆಯ ಹೆಸರಿರಲಿಲ್ಲ. ಬಾಯಿ ಜೋರು. ಪಾಸ್‌ಪೋರ್ಟ್ ಫೋಟೊ ತಂದು "ಬಾಕ್ಸ್ ತುಂಬಾ ಬರ್ಲಿ" ಎನ್ನುವವರಿಗೆ, "ಜಗ್ಗಿದ್ರ ಮುಖ ಕುಂಬಳಕಾಯಿ ಆಗ್ತೈತ್ರಿ, ನಡೀತೈತಾ?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದಳು. ಆದರೆ ಮದುವೆ ಕಾರ್ಡಾಗಲಿ, ಸತ್ತವರ ಶಿವಗಣಾರಾಧನೆಯ ಕಾರ್ಡಾಗಲಿ, ಕಂಪ್ಯೂಟರಿನ ಪೇಜ್‌ಮೇಕರಿನಲ್ಲಿ ಅವಳು ಕೂರಿಸಿದ ಫೋಟೊ ಅಳತೆಗೆ ಹೊಲಿದ ಕುಬುಸದಂತೆ ಚೌಕಟ್ಟಿಗೆ ಒಪ್ಪುತ್ತಿತ್ತು. ಬೈದುಕೊಂಡೇ ಎಲ್ಲರೂ ಅವಳ ಹತ್ತಿರ ಬರುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಬೈದವನು ತೆಲಿಗಿ ಊರಿನ ಗುರುಬಸವರಾಜ, ಅವಳ ಗಂಡನ ಅಣ್ಣ. ಮದುವೆಯಾದ ಮೇಲೂ ಅವಳು ಪ್ರೆಸ್ ಕೆಲಸ ಬಿಡಲಿಲ್ಲ, ತಮ್ಮ ಗವಿಸಿದ್ದೇಶ ಅವಳ ಮಾತು ಕೇಳಿ ಹರಪನಹಳ್ಳಿಯಲ್ಲೇ ಮನೆ ಮಾಡಿದ ಎಂಬ ಸಿಟ್ಟು ಅವನಿಗೆ. ಎರಡು ಸಾವಿರದ ಇಸವಿಯಲ್ಲಿ ಗವಿಸಿದ್ದೇಶ ಕಾಮಾಲೆಯಾಗಿ ತೀರಿಕೊಂಡಾಗ, "ಇಕಿ ಕಾಲ್ಗುಣನ ನನ್ನ ತಮ್ಮನ್ನ ತಿಂತು" ಎಂದು ಹೆಣದ ಮುಂದೆಯೇ ಕೂಗಿದ. ತೆಲಿಗಿಯಲ್ಲಿ ಮಣ್ಣು ಮಾಡಿ ಬಂದ ಮರುದಿನವೇ ಅವಳನ್ನು ಹರಪನಹಳ್ಳಿಯ ಬಸ್ಸು ಹತ್ತಿಸಿದ.

ಅಷ್ಟು ಸಾಲದೆಂದು, ತಮ್ಮನ ಆರಾಧನೆಯ ಕಾರ್ಡು ಮಾಡಿಸಲು ಬೇರೆ ಪ್ರೆಸ್ಸು ಬಿಟ್ಟು ಅವಳಿದ್ದಲ್ಲಿಗೇ ಬಂದ. ಉರಿಯುವ ಗಾಯಕ್ಕೆ ಉಪ್ಪು ಸವರಲೆಂದೇ ಬಂದದ್ದು, ಅದರಲ್ಲಿ ಅನುಮಾನ ಬೇಡ.

ಮೇಜಿನ ಮೇಲೆ ಮದುವೆಯ ಫೋಟೊ ಬಿಸಾಡಿದ. ನಡುವೆ ಪೇಟ ಸುತ್ತಿದ ಗವಿಸಿದ್ದೇಶ, ಬಲಕ್ಕೆ ಭಾಗ್ಯ, ಎಡಕ್ಕೆ ಸಫಾರಿ ತೊಟ್ಟು ತಮ್ಮನ ಹೆಗಲ ಮೇಲೆ ಕೈಯಿಟ್ಟ ಗುರುಬಸವರಾಜ.

"ನಿನ್ನ ತಗಿ. ಅಣ್ಣತಮ್ಮ ನಾವಿಬ್ರ ಇರ್ಲಿ. ಕೆಳಗ ಕರಿಯೋರ ಹೆಸರಿನ್ಯಾಗೂ ನೀನು ಬ್ಯಾಡ."

ಅವನು ನಿಲ್ಲಲಿದ್ದ ಪಂಚಾಯ್ತಿ ಚುನಾವಣೆ ಹತ್ತಿರವಿತ್ತು. ಮನೆಮನೆಗೆ ಹೋಗುವ ಕಾರ್ಡಿನಲ್ಲಿ ತನ್ನ ಮುಖವೂ ಹೋಗಲಿ ಎಂಬುದು ಆ ಪುಣ್ಯಾತ್ಮನ ಆಸೆ.

ಗಂಡನ ಪಕ್ಕದಲ್ಲಿ ಭಾಗ್ಯ ನಿಂತಿದ್ದ ಫೋಟೊ ಅದೊಂದೇ. ಕಾರ್ಡಿನಲ್ಲಿ ಅವಳ ಮುಖವೂ ಇಲ್ಲ, ಹೆಸರೂ ಇಲ್ಲವೆಂದರೆ ತೆಲಿಗಿಯವರ ಪಾಲಿಗೆ ಅವಳು ಗವಿಸಿದ್ದೇಶನ ಹೆಂಡತಿಯೇ ಅಲ್ಲ. ಆದರೂ ಕೆಲಸ ಬಲ್ಲವಳ ನಾಲಿಗೆ ತಡೆಯಲಿಲ್ಲ. ಆರಾಧನೆಯ ಕಾರ್ಡಿನ ಕಪ್ಪು ಅಂಚಿನ ಚೌಕಟ್ಟು ಸತ್ತವರದು; ಬದುಕಿದ್ದವರನ್ನು ಅದರೊಳಗೆ ಯಾರೂ ಹಾಕುವುದಿಲ್ಲ.

"ಭಾವಾರ, ಈ ಚೌಕಟ್ಟಿನ್ಯಾಗ..."

"ಬಾಯಿ ಮುಚ್ಚು! ಹೇಳಿದಷ್ಟು ಮಾಡು."

ಬಾಯಿ ಮುಚ್ಚಿದಳು. ಫೋಟೊ ಸ್ಕ್ಯಾನ್ ಮಾಡಿ, ಬಲಗಡೆಯ ಅಂಚನ್ನು ಮೌಸಿನಿಂದ ಒಳಕ್ಕೆ ಎಳೆದಳು. ಅವಳ ಸೀರೆ, ತೋಳು, ಮುಖ ಒಂದೊಂದಾಗಿ ಮರೆಯಾದವು. ಅಣ್ಣತಮ್ಮಂದಿರನ್ನು ಎಲ್ಲೂ ಜಗ್ಗದಂತೆ, ಎಲ್ಲೂ ಸಂದು ಬಿಡದಂತೆ ಚೌಕಟ್ಟಿಗೆ ಕೂರಿಸಿದಳು. ಇಷ್ಟು ಸಿಟ್ಟಿನಲ್ಲಿ ಇಷ್ಟು ಚೊಕ್ಕ ಕೆಲಸ ಅವಳು ಎಂದೂ ಮಾಡಿರಲಿಲ್ಲ. ಅವಳಿಲ್ಲದ್ದನ್ನಷ್ಟೇ ನೋಡಿಕೊಂಡ ಗುರುಬಸವರಾಜ, "ಈಗ ಚಂದಾತು" ಎಂದು ಮೀಸೆ ತಿರುವಿದ.

ಕಾರ್ಡು ಊರೂರಿಗೆ ಹೋಯಿತು. ಅಕ್ಷರ ಓದುವವರು ಯಾರು? ಎಲ್ಲರೂ ಮೊದಲು ನೋಡುವುದು ಫೋಟೊ. ಹಲವಾಗಲು ಊರಿನ ಸೋದರತ್ತೆ ಬಸಲಿಂಗಮ್ಮ ಹೂವಿನ ಹಾರ ಹಿಡಿದು, "ಇಬ್ರೂ ಹೋದ್ರೆಲ್ಲಪ್ಪೋ!" ಎಂದು ಎದೆ ಬಡಿದುಕೊಂಡು ಬಂದವಳು, ಬಾಗಿಲಲ್ಲಿ ನಿಂತ ಗುರುಬಸವರಾಜನನ್ನು ಕಂಡು ಕಟ್ಟೆಯ ಮೇಲೇ ಕುಸಿದಳು. ಅಪಶಕುನವೆಂದು ಅವನ ಹೆಂಡತಿ ಒಲೆ ಹಚ್ಚದೆ ಅತ್ತಳು. ಚಾ ಅಂಗಡಿಯಲ್ಲಿ, "ಸತ್ತೋರಿಗೆ ಓಟು ಹಾಕಾದು ಹೆಂಗಲೇ?" ಎಂಬ ನಗೆ ಎದ್ದಿತು.

ಗುರುಬಸವರಾಜ ಬೆಂಕಿಯಾಗಿ ಪ್ರೆಸ್ಸಿಗೆ ನುಗ್ಗಿದ. "ಬೇಕಂತನ ಮಾಡೀದಿ!"

"ಹೌದ್ರಿ," ಎಂದಳು ಭಾಗ್ಯ. "ಹೇಳಾಕ ಬಂದೆ, ಬಾಯಿ ಮುಚ್ಚಿಸಿದ್ರಿ. ಆ ಚೌಕಟ್ಟಿನ್ಯಾಗ ಇದ್ದೋರು ಸತ್ತೋರು. ನನ್ನ ನೀವ ಹೊರಗ ಹಾಕಿ ಉಳಿಸೀರಿ."

"ಬ್ಯಾರೆ ಕಾರ್ಡು ಮಾಡು. ತಮ್ಮ ಒಬ್ನ ಇರ್ಲಿ."

"ಕೆಳಗ ಮೊದ್ಲ ಹೆಸರು ಯಾರ್ದು ಬರೀಲಿ?"

ಅವನು ಬಾಗಿಲ ಕಡೆ ನೋಡಿದ. ಆರಾಧನೆ ನಾಡಿದ್ದು, ಇಷ್ಟು ಬೇಗ ಆಗದೆಂದು ಬೇರೆ ಪ್ರೆಸ್ಸಿನವರು ತಿರುಗಿ ಕಳಿಸಿದ್ದರು. ಕಾದು ಕುಳಿತ ಗಿರಾಕಿಗಳೆಲ್ಲ ಕಿವಿಯಾಗಿದ್ದರು.

"ಬಾಯಿಬಿಟ್ಟು ಹೇಳ್ರಿ ಭಾವಾರ."

"ಧರ್ಮಪತ್ನಿ... ಭಾಗ್ಯ," ಎಂದು ಉಗುಳಿದ.

ಅವಳು ಟೈಪು ಮಾಡಿದಳು. ಎಡಗಡೆಯ ಅಂಚನ್ನು ಎಳೆದಳು, ಸಫಾರಿ ಮರೆಯಾಯಿತು. ಹೆಗಲ ಮೇಲಿನ ಬೆರಳುಗಳು ಮಾತ್ರ ಉಳಿದವು. ಅವನ್ನು ಕತ್ತರಿಸಿದರೆ ಗಂಡನ ಹೆಗಲೂ ಹೋಗುತ್ತದೆ. ಬಿಟ್ಟಳು.

ಆರಾಧನೆಯ ಊಟದಲ್ಲಿ ಭಾಗ್ಯ ಮೊದಲ ಸಾಲಿನಲ್ಲೇ ಕುಳಿತಳು. ಪಕ್ಕದ ಸಾಲಿನಲ್ಲಿ, ಹಳೆಯ ಕಾರ್ಡು ನೋಡಿರದ ಮುದುಕಿಯೊಬ್ಬಳು ಹೊಸ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದಳು: "ಹೆಗಲ ಮ್ಯಾಲಿನ ಕೈ ಯಾರ್ದವಾ?"

"ಹೆಂಡ್ತಿದು. ಮತ್ಯಾರ್ದಿರ್ತೈತಿ?" ಎಂದಳು ಮುದುಕಿಯ ಪಕ್ಕದವಳು.

ಸಾರು ಬಡಿಸುತ್ತ ಬಂದ ಗುರುಬಸವರಾಜ ಅದನ್ನು ಕೇಳಿಸಿಕೊಂಡ. ಬಾಯಿ ಮುಚ್ಚಿಕೊಂಡು ಮುಂದಿನ ಎಲೆಗೆ ಹೋದ.