ನಡೆಯುವ ಕುದ್ರಿನ ದೊಡ್ಡಕ್ಕ

ಅವರ ಹಿಮ್ಮಡಿಗಳು ಸುಗ್ಗಿ ಕಳೆದ ಗದ್ದೆಯಂತೆ ಬಿರುಕು ಬಿಟ್ಟಿದ್ದವು. ಆ ಬಿರುಕುಗಳೊಳಗೆ ಹೊಳೆಯ ಸಣ್ಣ ಮರಳು, ನಮ್ಮ ಕಡೆಯ ಹೊಯಿಗೆ, ಸೇರಿಕೊಂಡು, ಕಾಲೆತ್ತಿ ಇಡುವಾಗ ಬಿಸಿಲಿಗೆ ಮಿನುಗುತ್ತಿತ್ತು. ನಾನು ಮೊದಲು ಕಂಡದ್ದು ಆ ಹಿಮ್ಮಡಿಗಳನ್ನೇ. ಮುಖ ಕಂಡದ್ದು ಆಮೇಲೆ. ಏಕೆಂದರೆ ದೋಣಿಯಿಂದ ಇಳಿಯುವಾಗ ಜಾರಿ ನಾನು ಅಂಗಾತವಲ್ಲ, ಬೋರಲಾಗಿ ಬಿದ್ದಿದ್ದೆ. ಸರ್ವೆ ಇಲಾಖೆಯು ಸಾರ್ವಜನಿಕರ ಪಾದಕ್ಕೆ ಹೀಗೆ ನೇರವಾಗಿ ಅಡ್ಡಬಿದ್ದ ಉದಾಹರಣೆ ನನ್ನ ಸೇವಾವಧಿಯಲ್ಲಿ ಇದೊಂದೇ.

"ಏಳಿ, ಏಳಿ. ಆಫೀಸಿನವರಾ?" ಎಂದಿತು ಮೇಲಿನಿಂದ ಒಂದು ಧ್ವನಿ.

"ಹೌದು. ಹೇಗೆ ಗೊತ್ತಾಯಿತು?"

"ಶೂ ಹಾಕಿ ದೋಣಿಯಿಂದ ಇಳಿಯುವವರು ಬೇರೆ ಯಾರುಂಟು?"

ಇಡೀ ಕುದ್ರಿಗೆ ಅವರು ದೊಡ್ಡಕ್ಕ. ಹಾಗಾಗಿ ನನಗೂ ದೊಡ್ಡಕ್ಕ. ಫರಂಗಿಪೇಟೆಯ ಹೆದ್ದಾರಿಯಿಂದ ಇಳಿದು ಹೊಳೆಬದಿಗೆ ಬಂದರೆ ನೇತ್ರಾವತಿಯ ನಡುವೆ ಉದ್ದಕ್ಕೆ ಮಲಗಿರುವ ಮಣ್ಣಿನ ತುಂಡೊಂದು ಕಾಣುತ್ತದೆ. ಅದೇ ಕುದ್ರು. ಹನ್ನೆರಡು ಮನೆ, ತೆಂಗು, ಸೌತೆ, ಬಸಳೆ, ಹರಿವೆ. ಅವರ ಮನೆಮಾತು ತುಳು, ನನ್ನದೂ ತುಳು. ಆದರೂ ದೊಡ್ಡಕ್ಕ ನನ್ನ ಹತ್ತಿರ ಆಡಿದ್ದು ಕನ್ನಡವೇ. ನಾನು ತುಳುವಿನಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲೇ ಬರುತ್ತಿತ್ತು, ನಿಧಾನವಾಗಿ, ಒಂದೊಂದು ಪದವನ್ನೂ ಒರೆಸಿ ಇಟ್ಟಂತೆ. ಸರಕಾರದೊಡನೆ ಸರಕಾರದ ಭಾಷೆ ಎಂಬುದು ಅವರ ನಿಯಮ.

ನಾನು ಹೋದದ್ದು ಕುದ್ರಿಗೆ ಮಂಜೂರಾಗಿದ್ದ ಕಾಲುಸೇತುವೆಗೆ ಜಾಗ ಗುರುತಿಸಲು. ನನ್ನ ಕೈಯಲ್ಲಿ ಇಲಾಖೆಯ ಹಳೆಯ ನಕ್ಷೆ. ಅದರ ಪ್ರಕಾರ ಕುದ್ರಿನ ಮೇಲ್ತುದಿಯಲ್ಲಿ ಒಂದು ಗಡಿಕಲ್ಲು ಇರಬೇಕು.

"ಇಲ್ಲಿ ಒಂದು ಕಲ್ಲು ಉಂಟಲ್ಲ ದೊಡ್ಡಕ್ಕ, ಎಲ್ಲಿ?"

"ಉಂಟು," ಎಂದು ಅವರು ಹೊಳೆಯ ನಡುವಿಗೆ ಕೈ ತೋರಿಸಿದರು. ಅಲ್ಲೊಂದು ಮುರಿದ ಕಂಬದ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು. "ಆ ಹಕ್ಕಿ ಕೂತಿದೆಯಲ್ಲ, ಅದರ ಸರಿ ಅಡಿಯಲ್ಲಿ. ಮುಳುಗಿ ನೋಡ್ತೀರಾ?"

ವಿಷಯ ಇಷ್ಟು. ಕುದ್ರು ನಡೆಯುತ್ತದೆ. ಮಳೆಗಾಲದ ಕೆಂಪು ನೀರು ಅದರ ತಲೆಯನ್ನು ಕಚ್ಚಿ ಕಚ್ಚಿ ತಿನ್ನುತ್ತದೆ. ತಿಂದ ಮಣ್ಣನ್ನೇ ಸುತ್ತುಬಳಸಿ ತಂದು ಬಾಲದಲ್ಲಿ ಇಡುತ್ತದೆ. ಪ್ರತಿ ವರ್ಷ ಕೆಲವು ಹೆಜ್ಜೆ ಸಮುದ್ರದ ಕಡೆಗೆ. ಕುದ್ರಿನವರು ಇದನ್ನು ಸಂಕಟವೆಂದು ಎಣಿಸಿರಲೇ ಇಲ್ಲ. ಇದಕ್ಕೊಂದು ಕ್ರಮ ಮಾಡಿಕೊಂಡಿದ್ದರು. ದೀಪಾವಳಿ ಕಳೆದ ಮೇಲೆ ಎಲ್ಲರೂ ಬಾಲದ ತುದಿಗೆ ಹೋಗುವುದು. ದೊಡ್ಡಕ್ಕ ಹೊಸ ಹೊಯಿಗೆಯಲ್ಲಿ ಹಿಮ್ಮಡಿ ಊರಿ ಒಂದು ಸುತ್ತು ತಿರುಗುವುದು. ಆ ಗುಳಿಯಲ್ಲಿ ನೀರು ತಟ್ಟನೆ ತುಂಬಿದರೆ "ಇದು ಬಂದದ್ದು ಮಾತ್ರ, ಕೂತಿಲ್ಲ." ನಿಧಾನಕ್ಕೆ ಒಸರಿದರೆ "ಇದು ಕೂತಿತು." ಕೂತ ಕಡೆ ಮೊದಲು ಹುಲ್ಲು ಮತ್ತು ಕೇದಗೆ, ಮರುವರ್ಷ ಗೆಣಸು, ಮೂರನೆಯ ವರ್ಷ ಒಂದು ಸಾಲು ತೆಂಗಿನ ಸಸಿ.

ತಲೆಯ ಕಡೆ ಯಾರ ಮನೆಗೆ ಹೊಳೆ ಹತ್ತಿರವಾಯಿತೋ ಆ ಮನೆಯನ್ನು ಹೊಳೆ ಬೀಳಿಸುವ ಮೊದಲು ತಾವೇ ಬಿಚ್ಚುವುದು. ಮಾಡಿನ ಓಡು ಎಂಬ ಹೆಂಚು, ಅದರಡಿಯ ಪಕ್ಕಾಸಿನ ಮರ, ಬಾಗಿಲು, ಒಲೆಯ ಕಲ್ಲು ಎಲ್ಲವನ್ನೂ ಹನ್ನೆರಡು ಮನೆಯವರೂ ಹೊತ್ತು ಬಾಲಕ್ಕೆ ತರುವುದು. ಗೋಡೆಯ ಮಣ್ಣು ಮಾತ್ರ ಹೊಳೆಗೆ. "ಅದು ಅದರದ್ದೇ ಅಲ್ವಾ," ಎನ್ನುತ್ತಿದ್ದರು ದೊಡ್ಡಕ್ಕ. "ನಾನು ಮೂರು ಸಲ ಮನೆ ಬದಲಾಯಿಸಿದ್ದೇನೆ. ನೆರೆಯವರನ್ನು ಒಂದು ಸಲವೂ ಬದಲಾಯಿಸ್ಲಿಕ್ಕೆ ಆಗ್ಲಿಲ್ಲ."

ನೆರೆಯವರೆಂದರೆ ಅವರ ಮೈದುನ, ಗಂಡನ ತಮ್ಮ. ಎಪ್ಪತ್ತು ದಾಟಿದ ಆಸಾಮಿ. ಅತ್ತಿಗೆ ಪೂರ್ವ ಎಂದರೆ ಪಶ್ಚಿಮ ಎನ್ನುವುದನ್ನು ನಿತ್ಯಕರ್ಮದಷ್ಟೇ ಶ್ರದ್ಧೆಯಿಂದ ನಡೆಸಿಕೊಂಡು ಬಂದವರು.

ಇಂತಹ ಕುದ್ರಿನ ಬಗ್ಗೆ ಇಲಾಖೆಯ ನಿಲುವು ಗಂಭೀರವಾಗಿತ್ತು. ನಕ್ಷೆ ಬರೆದ ಕಾಲದಲ್ಲಿ ಭೂಮಿ ಇದ್ದದ್ದು ತಲೆಯ ಕಡೆ. ಅದರಲ್ಲಿ ಅರ್ಧ ಈಗ ನೀರು. ಬಾಲದ ಕಡೆ ನಕ್ಷೆಯಲ್ಲಿರುವುದು ಹೊಳೆ. ಅಲ್ಲಿ ಈಗ ಎಂಟು ಮನೆ, ಒಂದು ಅಂಗನವಾಡಿ. ಅಂದರೆ ದಾಖಲೆಯ ಪ್ರಕಾರ ಈ ಎಂಟು ಮನೆಯವರು ಮೊಮ್ಮಕ್ಕಳ ಸಮೇತ ನೀರಿನೊಳಗೆ ಸುಖವಾಗಿ ಬದುಕಿದ್ದರು.

ಸೇತುವೆಯ ಇಂಜಿನಿಯರು ಬಯಲುಸೀಮೆಯ ಕಡೆಯ ತರುಣ, ಕೆಲಸದಲ್ಲಿ ಚುರುಕು. ತಲೆಯ ಕಡೆಯೇ ಆಗಬೇಕೆಂದು ಅವರ ಅಭಿಪ್ರಾಯ. "ಇಲ್ಲಿ ಹೊಳೆ ಕಿರಿದಾಗಿದೆ ಸಾರ್, ಉದ್ದ ಕಡಿಮೆ ಆಗುತ್ತೆ. ಜಾಗವೂ ದಾಖಲೆಯಲ್ಲಿದೆ. ನೀವು ಸಹಿ ಹಾಕಿಬಿಟ್ರೆ ಮುಂದಿನ ವಾರ ಕಳಿಸಿಬಿಡ್ತೀನಿ." ಅವರು ಕೆಂಪು ಬಣ್ಣದ ಗೂಟವನ್ನೂ ನೆಟ್ಟಿದ್ದರು.

ನಾನು ಸಹಿ ಹಾಕುವವನೇ ಇದ್ದೆ. ನಿವೃತ್ತಿಗೆ ಐದು ತಿಂಗಳಿತ್ತು. ನಿವೃತ್ತಿಯ ಅಂಚಿನಲ್ಲಿರುವ ಸರ್ವೆಯರನಿಗೆ ನಕ್ಷೆಗಿಂತ ಪವಿತ್ರವಾದದ್ದು ಬೇರೆ ಇರುವುದಿಲ್ಲ. ಮೈದುನನ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಆ ಮನೆ ತಲೆಯಿಂದ ಎರಡನೆಯದು; ಮೊದಲನೆಯದು ದೊಡ್ಡಕ್ಕನದ್ದು.

"ಇಲ್ಲಿಯೇ ಆಗ್ಲಿ ಸಾರ್," ಎಂದರು ಮೈದುನ. "ಸೇತುವೆ ಬಂದ ಮೇಲೆ ಅದನ್ನು ಉಳಿಸ್ಲಿಕ್ಕಾದರೂ ಸರಕಾರ ಕಲ್ಲಿನ ಗೋಡೆ ಕಟ್ತದೆ. ಮತ್ತೆ ಓಡು ಹೊರುವ ಕೆಲಸವೇ ಇಲ್ಲ."

"ಕಲ್ಲು ಕಟ್ಟಿದರೆ ತಲೆ ನಿಲ್ತದೆ ಮಾರಾಯ," ಎಂದರು ದೊಡ್ಡಕ್ಕ. "ಬಾಲಕ್ಕೆ ಮಣ್ಣು ಎಲ್ಲಿಂದ ತರ್ತಿ? ತಲೆಯದ್ದೇ ಅಲ್ವಾ ಅಲ್ಲಿಗೆ ಹೋಗುದು?"

"ಕೇಳಿದ್ರಾ ಸಾರ್? ಅತ್ತಿಗೆಗೆ ಹೊಳೆಯೇ ಬಂದು ಹೇಳಿ ಹೋಗ್ತದೆ. ನಮಗೆಲ್ಲ ರೇಡಿಯೊದಲ್ಲಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ."

"ಹೋದ ವರ್ಷ ನಿನ್ನ ಕೊಟ್ಟಿಗೆಗೆ ಬಂದು ಹೇಳ್ಲಿಲ್ವಾ? ದನಕ್ಕೆ ಅರ್ಥ ಆಯ್ತು, ನಿನಗೆ ಆಗ್ಲಿಲ್ಲ."

ಅಂಗಳವೆಲ್ಲ ನಕ್ಕಿತು. ಮೈದುನರೂ ನಕ್ಕು, ಆಮೇಲೆ ನಕ್ಕದ್ದು ನೆನಪಾಗಿ ಮುಖ ಬಿಗಿದರು. ದೊಡ್ಡಕ್ಕ ನನ್ನ ಕಡೆ ತಿರುಗಿದರು. "ನಿಮ್ಮ ಹತ್ತಿರ ಟೇಪು ಉಂಟಲ್ಲ? ತೆಗೊಳ್ಳಿ. ನನ್ನೊಟ್ಟಿಗೆ ಬನ್ನಿ. ಆಮೇಲೆ ಎಲ್ಲಿ ಬೇಕಾದರೂ ಸಹಿ ಹಾಕಿ."

ಅವರಿಗೆ ಮೊಣಕಾಲು ನೋವು. ಆದರೂ ತಲೆಯಿಂದ ಬಾಲದವರೆಗೆ ಇಡೀ ಕುದ್ರು ನಡೆಸಿದರು. ತೆಂಗಿನ ಒಂದೊಂದು ಸಾಲಿನಲ್ಲೂ ನಿಂತು ಹೇಳಿದರು: ಈ ಸಾಲು ನೆಟ್ಟದ್ದು ದೊಡ್ಡ ಮಗ ಹುಟ್ಟಿದ ವರ್ಷ, ಆಗ ಇದೇ ಬಾಲದ ಕೊನೆ, ಇದು ಅತ್ತೆ ತೀರಿಕೊಂಡ ವರ್ಷ, ಆಗ ಇದು ಕೊನೆ, ಇದು ಸಣ್ಣ ಮಗಳನ್ನು ಕಕ್ಕಿಂಜೆಗೆ ಕೊಟ್ಟ ವರ್ಷ. "ನಿಮ್ಮ ಮದುವೆಯ ವರ್ಷದ ಸಾಲು ಯಾವುದು ದೊಡ್ಡಕ್ಕ?" ಎಂದೆ. "ಅದು ಈಗ ನನ್ನ ಅಂಗಳದಲ್ಲಿ ಉಂಟು. ನಾನು ಮದುಮಗಳಾಗಿ ಹೊಕ್ಕ ಮನೆ ಮಾತ್ರ ಆ ಹಕ್ಕಿ ಕೂತ ಕಂಬದ ಹತ್ತಿರ, ನೀರಿನೊಳಗೆ. ಮೀನುಗಳು ಬಾಡಿಗೆಗೆ ಉಂಟು."

ಮೂರು ದಿನ ನಾನು ಸಾಲಿನಿಂದ ಸಾಲಿಗೆ ಅಳೆದೆ. ಯಾವ ವರ್ಷ ಎಷ್ಟು ಬೆಳೆದಿದೆ, ತಲೆಯಲ್ಲಿ ಎಷ್ಟು ಹೋಗಿದೆ, ಎಲ್ಲವೂ ಮರಗಳಲ್ಲಿ ಬರೆದಿತ್ತು. ನಮ್ಮ ಇಲಾಖೆಗಿಂತ ಅಚ್ಚುಕಟ್ಟಾದ ಕಡತ, ಮೇಲಾಗಿ ಎಳನೀರು ಕೊಡುವಂಥದ್ದು. ಲೆಕ್ಕ ಹಾಕಿದರೆ ಇಂಜಿನಿಯರರ ಕೆಂಪು ಗೂಟಕ್ಕೆ ಉಳಿದದ್ದು ಮೂರೋ ನಾಲ್ಕೋ ಮಳೆಗಾಲ. ಆಮೇಲೆ ಸೇತುವೆಯೊಂದು ಈ ದಡದಿಂದ ಹೊರಟು ಹೊಳೆಯ ನಡುವೆ ಏನೋ ಮರೆತವರಂತೆ ನಿಂತುಬಿಡುತ್ತಿತ್ತು. ಕುದ್ರಿಗೆ ಮತ್ತೊಂದು ಸೇತುವೆ ಯಾರೂ ಕೊಡುತ್ತಿರಲಿಲ್ಲ.

ಕೊನೆಯ ದಿನ ಕೇಳಿದೆ: "ಗೂಟ ಇರುವುದು ನಿಮ್ಮ ಅಂಗಳದ ಬದಿಯಲ್ಲಿ. ನಿಮ್ಮ ಕಾಲಿಗೆ ಅದೇ ಸುಲಭ ಅಲ್ವಾ?"

"ನನಗೆ ಸುಲಭವೇ. ನನಗೆ ಇನ್ನು ಮೂರು ವರ್ಷ ಸಾಕು," ಎಂದರು. "ಸೇತುವೆಗೆ ಮೂರು ವರ್ಷ ಸಾಕಾಗ್ತದಾ?"

ಆ ವಾರ ನಾನು ಜೀವಮಾನದ ಅತ್ಯಂತ ಉದ್ದದ ಟಿಪ್ಪಣಿ ಬರೆದೆ. ಏಳು ಪುಟ. ಬಾಲದಿಂದ ಹತ್ತನೆಯ ಸಾಲಿನ ಬಳಿ ಸೇತುವೆ ಇಳಿಯಬೇಕು, ಏಕೆಂದರೆ ಅಲ್ಲಿ ಮಣ್ಣು ಕೂತಿದೆ, ಹೊಳೆಯ ಬಾಯಿಗೆ ಅದು ಸಿಗಲು ಇನ್ನೂ ಎರಡು ತಲೆಮಾರು ಬೇಕು. ಆ ಜಾಗವನ್ನು ಹೊಳೆ ತಂದ ಭೂಮಿಯೆಂದು ಹೊಸದಾಗಿ ಅಳೆದು ದಾಖಲೆಗೆ ಸೇರಿಸಬೇಕು. ಇಂಜಿನಿಯರು ಓದಿ, ತಲೆ ತುರಿಸಿ, "ಉದ್ದ ಜಾಸ್ತಿ ಆಗುತ್ತೆ ಸಾರ್," ಎಂದು ನಿಟ್ಟುಸಿರಿಟ್ಟು, ಎಂಟನೆಯ ಪುಟವನ್ನು ತಾವೇ ಸೇರಿಸಿದರು. ದೊಡ್ಡ ಮನುಷ್ಯ. ನಂತರ ಒಂದು ಸಮಿತಿ ಬಂತು. ಸಮಿತಿಯೂ ಶೂ ಹಾಕಿಕೊಂಡೇ ದೋಣಿಯಿಂದ ಇಳಿಯಿತು. ಅದರ ಅಧ್ಯಕ್ಷರನ್ನು ದೊಡ್ಡಕ್ಕನೇ ಎಬ್ಬಿಸಿದರು.

ಮಂಜೂರಾತಿ ಬಂದ ಸುದ್ದಿ ಹೇಳಲು ಹೋದಾಗ ಅವರು ಸೌತೆಯ ಚಪ್ಪರದ ಅಡಿಯಿಂದ ಎದ್ದು ಕೈ ತೊಳೆದು, "ಬಲೆ, ಒಣಸ್ ಮಲ್ಪುಲೆ," ಎಂದರು. ಬನ್ನಿ, ಊಟ ಮಾಡಿ. ತುಳುವಿನಲ್ಲಿ. ಅಂದಿನಿಂದ ನನ್ನೊಡನೆ ಕನ್ನಡ ನಿಂತಿತು. ನನ್ನ ನಿವೃತ್ತಿಯ ಸಮಾರಂಭದಲ್ಲಿ ಹೊದಿಸಿದ ಶಾಲು ಎಲ್ಲಿದೆಯೋ ಗೊತ್ತಿಲ್ಲ. ಆ ಮಧ್ಯಾಹ್ನದ ಬಸಳೆ ಮತ್ತು ಸಿಗಡಿಯ ಗಸಿ ಮಾತ್ರ ಇನ್ನೂ ನಾಲಿಗೆಯಲ್ಲಿದೆ.

ಎರಡು ಬೇಸಿಗೆಯಲ್ಲಿ ಸೇತುವೆ ಆಯಿತು. ಅದರ ಮೇಲೆ ನಡೆದು ಬಸ್ಸು ಹಿಡಿದು ದೊಡ್ಡಕ್ಕ ಒಮ್ಮೆ ತೋಡಾರಿನ ನಮ್ಮ ಮನೆಗೂ ಬಂದರು. ಮುರಕಲ್ಲಿನ ಆವರಣ ಗೋಡೆಗೆ ಕೈ ಇಟ್ಟು, ಇದು ಎಲ್ಲಿಗೂ ಹೋಗುವುದಿಲ್ಲವೋ ಎಂದು ಕೇಳಿದರು. ಇಲ್ಲ, ಮೂವತ್ತು ವರ್ಷದಿಂದ ಇಲ್ಲೇ ಇದೆ ಎಂದೆ. "ಅಯ್ಯೋ," ಎಂದರು ನಿಜವಾದ ಮರುಕದಿಂದ, "ನಿಮಗೆ ಬೇಸರ ಆಗುದಿಲ್ವಾ?" ನನ್ನ ಹೆಂಡತಿಯ ಮುಂದೆ ಸರಕಾರದ ಮಾನ ಉಳಿಯಲೆಂದೋ ಏನೋ, ಇದನ್ನು ಮಾತ್ರ ಕನ್ನಡದಲ್ಲಿ ಕೇಳಿದರು.

ಮುಂದಿನ ಮಳೆಗಾಲ ಕೆಂಪು ಗೂಟ ಹೋಯಿತು. ನನ್ನ ಲೆಕ್ಕಕ್ಕಿಂತ ಒಂದು ವರ್ಷ ಮೊದಲೇ. ಹೊಳೆ ನನ್ನ ಟಿಪ್ಪಣಿ ಓದಿರಲಿಲ್ಲ. ಮಳೆ ಕಳೆದು ದೊಡ್ಡಕ್ಕನ ಮನೆ ಬಿಚ್ಚಿದರು. ಅವರು ಕುರ್ಚಿಯಲ್ಲಿ ಕುಳಿತು ಒಂದೊಂದು ಓಡಿಗೂ ಸಲಹೆ ಕೊಟ್ಟರು. ಬಾಲದ ಹೊಸ ಮನೆಯಲ್ಲಿ ಒಂದು ವರ್ಷವೂ ತುಂಬಿರಲಿಲ್ಲ, ಆಟಿ ತಿಂಗಳಲ್ಲಿ, ಹೊಳೆ ಕೆಂಪಗೆ ದಡ ಮೀರಿ ಹರಿಯುತ್ತಿದ್ದಾಗ, ಬೆಳಿಗ್ಗೆ ಗಂಜಿ ಉಂಡು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ದೋಣಿ ಇಳಿಸುವ ಹಾಗಿಲ್ಲದ ಆ ನೀರಿನ ಮೇಲೆ, ಸೇತುವೆ ದಾಟಿ, ಕೊಡೆ ಹಿಡಿದ ಜನ ಸಂಜೆಯವರೆಗೆ ಬರುತ್ತಲೇ ಇದ್ದರು. ಕಕ್ಕಿಂಜೆಯಿಂದ ಮಗಳು ಮಧ್ಯಾಹ್ನಕ್ಕೇ ಬಂದು ತಾಯಿಯ ಮುಖ ನೋಡಿದಳು. ಇಂಜಿನಿಯರೂ ಬಂದಿದ್ದರು. ಚಪ್ಪಲಿಯನ್ನು ಆಚೆ ದಡದಲ್ಲೇ ಬಿಟ್ಟು ಬಂದಿದ್ದರು.

ಈ ದೀಪಾವಳಿ ಕಳೆದು ಒಂದು ವಾರಕ್ಕೆ ಮೈದುನರ ಫೋನು ಬಂತು. "ಸರ್ವೆಯರೇ, ಈಗ ತಲೆಯಲ್ಲಿ ಇರುವುದು ನನ್ನ ಮನೆ. ಒಮ್ಮೆ ಬಂದು ಹೋಗಿ."

ಹೊಸ ಜಾಗ ಅಳೆಯಲಿಕ್ಕೆಂದು ಟೇಪು ಹಿಡಿದು ಹೋದೆ. ಅವರು ನನ್ನನ್ನು ಸೇತುವೆಯ ಬುಡಕ್ಕೆ ಕರೆದುಕೊಂಡು ಹೋದರು. ಕುದ್ರಿನಲ್ಲೇ ಅತ್ಯುತ್ತಮ ಜಾಗ. ಸೇತುವೆ ಇಳಿದರೆ ಹತ್ತು ಹೆಜ್ಜೆ. ನಾಲ್ಕು ಮೂಲೆಗೆ ನಾಲ್ಕು ಕೇದಗೆಯ ಬುಡ, ಬೇರು ಹಿಡಿದು ಚಿಗುರಿದ್ದವು.

"ಅತ್ತಿಗೆ ಹೋದ ವರ್ಷವೇ ನೆಟ್ಟಿದ್ದಾರೆ," ಎಂದರು. "ತನ್ನ ಮನೆ ಇಲ್ಲಿ ಕಟ್ಟಬಹುದಿತ್ತು. ಆಚೆ ತಗ್ಗಿನಲ್ಲಿ ಕಟ್ಟಿಸಿಕೊಂಡ್ರು. ಮಗನ ಹತ್ತಿರ ಹೇಳಿದ್ದಾರಂತೆ, ಇದು ಚಿಕ್ಕಪ್ಪನಿಗೆ, ಅವನಿಗೂ ಮೊಣಕಾಲು ನೋವು, ಕೇಳಿದರೆ ಬೇಡ ಅಂತಾನೆ, ಹಾಗಾಗಿ ಹೇಳ್ಬೇಡ ಅಂತ." ಕಾಲಿನಿಂದ ಒಂದು ಕೇದಗೆಯ ಬುಡದ ಮಣ್ಣು ಒತ್ತಿದರು. "ಈಗ ಬೇಡ ಅಂತ ಯಾರ ಹತ್ತಿರ ಹೇಳುದು ಮಾರಾಯ್ರೆ?"

ಅಳೆಯಲು ಏನೂ ಇರಲಿಲ್ಲ. ಟೇಪನ್ನು ಬಿಚ್ಚದೆ ಕಿಸೆಗೆ ಹಾಕಿಕೊಂಡೆ. ತಲೆಯ ಕಡೆ ಆಗಲೇ ಮಾಡು ಬಿಚ್ಚುತ್ತಿದ್ದರು. ಹನ್ನೆರಡು ಮನೆಯವರೂ ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ಒಂದು ಕಡೆ ಒಬ್ಬರಷ್ಟು ಜಾಗ ಖಾಲಿ ಬಿಟ್ಟಿದ್ದರು. ನಾನು ಹೋಗಿ ನಿಂತೆ. ಯಾರೋ ನನ್ನ ಕೈಗೆ ಎರಡು ಓಡು ಕೊಟ್ಟರು.