ಏಕಾದಶಿಯ ಒಂದು ಉದ್ಧರಣೆ ನೀರು

ಟಿ. ನಗರದ ಸಸ್ಯಾಹಾರಿ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ ರಾಮದಾಸ ಭಟ್ಟರು ಉಪನಯನವಾದಂದಿನಿಂದ ಏಕಾದಶಿ ತಪ್ಪಿಸಿದವರಲ್ಲ. ಉಡುಪಿ ಕಡೆಯ ಅವರ ಮನೆತನದಲ್ಲಿ ಅಂದು ಅನ್ನವಿಲ್ಲ, ನೀರೂ ಇಲ್ಲ. ಮರುದಿನ ದ್ವಾದಶಿಯ ಬೆಳಗಿನ ಜಾವ ಸ್ನಾನ, ಪೂಜೆ, ಪಾರಣೆ, ಆಮೇಲೆ ಹೋಟೆಲು. ದಿನವಿಡೀ ಪರರ ಹಸಿವಿಗಾಗಿ ಬೇಯುವ ಮನುಷ್ಯನಿಗೆ, ಪಕ್ಷಕ್ಕೊಮ್ಮೆ ತನ್ನ ಹಸಿವಿನೊಂದಿಗೆ ಸುಮ್ಮನೆ ಕುಳಿತಿರುವುದು ಹಿತವಾಗಿಯೇ ಇತ್ತು.

೧೯೯೮ರಲ್ಲಿ ಕುದಿಯುವ ಎಣ್ಣೆ ಅವರ ಮುಂಗೈ ಮೇಲೆ ಚೆಲ್ಲಿತು. ಉರಿಗೆ ನಿದ್ದೆ ಬಾರದಿದ್ದಾಗ ವೈದ್ಯರೊಬ್ಬರು ಒಂದು ವಾರಕ್ಕೆಂದು ನಿದ್ದೆಮಾತ್ರೆ ಬರೆದುಕೊಟ್ಟರು. ಗಾಯ ಮಾಯಿತು, ಮಾತ್ರೆ ನಿಲ್ಲಲಿಲ್ಲ. ಔಷಧಿ ಅಂಗಡಿಯವನು ಚೀಟಿಯನ್ನೂ ಕೇಳದೆ, “ಅದೇ ಮಾತ್ತಿರೈ ತಾನೇ, ಸಾಮಿ?” ಎಂದು ನಗುತ್ತಾ ಕೊಡುತ್ತಿದ್ದ. ಒಂದು ಎರಡಾಯಿತು. ಡಾಕ್ಟರು ಬರೆದದ್ದೇ ಅಲ್ಲವೇ ಎಂಬ ನೆಮ್ಮದಿ ಭಟ್ಟರಿಗೆ.

ಏಕಾದಶಿಯಂದು ನೀರಿಲ್ಲವಾದ್ದರಿಂದ ಮಾತ್ರೆಗೂ ರಜೆ. ಆ ರಾತ್ರಿ ಬೆವರು, ಎದೆಬಡಿತ, ರೆಪ್ಪೆ ಕೂಡುತ್ತಿರಲಿಲ್ಲ. ದ್ವಾದಶಿಯಂದು ಕೈ ನಡುಗಿ, ಹಿಟ್ಟು ಕಲ್ಲಿನ ಮೇಲೆ ದುಂಡಗೆ ಹರಡುತ್ತಿರಲಿಲ್ಲ.

“ಭಟ್ರೆ, ಇದು ದೋಸೆಯಾ, ಸಿಲೋನಿನ ನಕ್ಷೆಯಾ?” ತಟ್ಟೆ ಒಯ್ಯಲು ಬಂದ ಸಪ್ಲೈಯರ್ ಮೋನಪ್ಪ ಕೆಣಕಿದ. “ಏಕಾದಶಿ ಮರುದಿನ ನಿಮ್ದು ಯಾವಾಗ್ಲೂ ಹೀಗೇ, ಮಾರಾಯ್ರೆ!”

ಮನೆಯಲ್ಲಿ ಇದನ್ನು ಹೇಳಿ ಭಟ್ಟರು, “ಪ್ರಾಯ ಆಯ್ತಲ್ಲ, ಉಪವಾಸ ತಡೀಲಿಕ್ಕೆ ಆಗುದಿಲ್ಲ” ಎಂದರು.

ಹೆಂಡತಿ ವಾಸಂತಿ ಒಪ್ಪಲಿಲ್ಲ. “ಅತ್ತೆಗೆ ಎಪ್ಪತ್ತು ದಾಟಿತು. ಅವ್ರೂ ನೀರು ಮುಟ್ಟುದಿಲ್ಲ. ಅವ್ರ ಕೈ ಯಾಕೆ ನಡುಗುದಿಲ್ಲ? ನೀವು ಬಿಟ್ಟದ್ದು ಅನ್ನ ಒಂದೇ ಅಲ್ಲ, ಆ ಮಾತ್ರೆಯನ್ನೂ. ಎಂತದು ಅದು, ಡಾಕ್ಟ್ರ ಹತ್ರ ಕೇಳುವ.”

ಎಗ್ಮೋರಿನ ಡಾಕ್ಟರು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು: ದೇಹ ಮಾತ್ರೆಗೆ ಒಗ್ಗಿಹೋಗಿದೆ; ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಕೂಡ ಬಂದೀತು; ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ನಡುವೆ ಒಂದು ದಿನವೂ ತಪ್ಪಬಾರದು. ಏಕಾದಶಿಯಂದು ಏನು ಮಾಡಲಿ ಎಂದು ಭಟ್ಟರು ಕೇಳಿದಾಗ, ಅಂದೂ ತಪ್ಪಬಾರದು ಎಂದರು.

ಕೈ ಹೋದರೆ ದೋಸೆಕಲ್ಲು ಹೋಯಿತು. ಮಾತ್ರೆ ನುಂಗಿದರೆ ವ್ರತ ಹೋಯಿತು. ಮುಂದಿನ ಏಕಾದಶಿಯ ಸಂಜೆ ಭಟ್ಟರು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ದೇವರ ಮುಂದೆ ಕುಳಿತೇ ಇದ್ದರು. ತಾಯಿ ರಮಾಬಾಯಿ ನೀರಿನ ತಂಬಿಗೆ ಹಿಡಿದು, ಪೂಜೆಯ ಪುಟ್ಟ ಬೆಳ್ಳಿ ಚಮಚ ಉದ್ಧರಣೆಯೊಂದಿಗೆ ಬಂದರು.

“ಬಾಯಿ ತೆಗಿ, ಮಗ. ಮದ್ದಿಂದ ವ್ರತ ಕೆಡುದಿಲ್ಲ ಅಂತ ನಿನ್ನ ಅಪ್ಪನೇ ಶ್ಲೋಕ ಹೇಳ್ತಿದ್ರು.”

“ನೀರು, ಅಮ್ಮಾ?”

“ನೀರೂ ಅದೇ ಶ್ಲೋಕದಲ್ಲಿ ಉಂಟು. ಅದನ್ನು ನಾವು ಬಿಟ್ಟದ್ದು ನಮ್ಮ ಹಠಕ್ಕೆ. ನುಂಗು.”

ಭಟ್ಟರು ನುಂಗಿದರು. ಕಣ್ಣು ತುಂಬಿ ಬಂದದ್ದು ಪಾಪಭೀತಿಯಿಂದಲ್ಲ.

ಇಳಿಕೆ ಸುಲಭವಾಗಿರಲಿಲ್ಲ. ಪ್ರಮಾಣ ತಗ್ಗಿಸಿದಾಗಲೆಲ್ಲ ಸ್ಟೀಲ್ ಲೋಟ ಬಿದ್ದ ಸದ್ದೂ ತಲೆಬುರುಡೆಯೊಳಗೇ ಆದಂತಿರುತ್ತಿತ್ತು. ಕಾರಣವಿಲ್ಲದ ಹೆದರಿಕೆಯಿಂದ ನಡುರಾತ್ರಿ ಎದ್ದು ಕೂರುತ್ತಿದ್ದರು. ಅಂಥ ದಿನಗಳಲ್ಲಿ ಕೆಣಕುವ ಮೋನಪ್ಪನೇ ಕಲ್ಲಿನ ಮುಂದೆ ನಿಂತು, ಭಟ್ಟರನ್ನು ಹಿಂದುಗಡೆ ಚಟ್ನಿ ರುಬ್ಬುವ ಕೆಲಸಕ್ಕೆ ಕಳಿಸುತ್ತಿದ್ದ. ಅವನ ಸೊಟ್ಟ ದೋಸೆಗೆ ಯಾವ ದೇಶದ ಆಕಾರವೂ ಬರಲಿಲ್ಲ. ಔಷಧಿ ಅಂಗಡಿಗೆ ವಾಸಂತಿಯೇ ಹೋಗಿ, ಹೊಸ ಚೀಟಿಯಲ್ಲಿದ್ದಷ್ಟನ್ನೇ ತರುತ್ತಿದ್ದರು.

ಹೊಸ ಶತಮಾನ ಆರಂಭವಾದ ಮೇಲೆ ಒಂದು ಏಕಾದಶಿ ಮಾತ್ರೆಯ ಅಗತ್ಯವಿಲ್ಲದೆ ಬಂತು. ಭಟ್ಟರು ಆ ರಾತ್ರಿ ಮಲಗಿದರು. ನಿದ್ದೆ ತಾನಾಗಿ ಬಂತು. ಬೆಳಿಗ್ಗೆ ಮೋನಪ್ಪ ತಟ್ಟೆ ನೋಡಿ, “ಸಿಲೋನ್ ಮುಳುಗಿತಾ ಭಟ್ರೆ?” ಎಂದ.

“ನೀನೇ ಮುಳುಗಿಸಿದ್ದಲ್ಲವಾ” ಎಂದು ಭಟ್ಟರು ಅವನಿಗೇ ಮೊದಲ ದೋಸೆ ಕೊಟ್ಟರು.

ಆಮೇಲೂ ಏಕಾದಶಿಯಂದು ಅವರು ಅನ್ನ ಮುಟ್ಟುವುದಿಲ್ಲ. ಸಂಜೆ ಮಾತ್ರ ತಾಯಿಯ ಮುಂದೆ ಅಂಗೈ ಚಾಚುತ್ತಾರೆ.

“ಮದ್ದೇ ಇಲ್ಲದ ಮೇಲೆ ನೀರು ಯಾಕೋ?”

“ಅವತ್ತು ನೀವೇ ಕೊಟ್ಟಿರಲ್ಲವಾ, ಅದಕ್ಕೆ.”

ರಮಾಬಾಯಿ ಉದ್ಧರಣೆ ತುಂಬಿಸಿ ಹಾಕುತ್ತಾರೆ. ಬಾಗಿದ ಅಂಗೈಯಲ್ಲಿ ನೀರು ಅಲುಗದೆ ನಿಲ್ಲುತ್ತದೆ.