ಕಪಿಲೆ ರಾಟೆಗೆ ಎಣ್ಣೆ ಹಾಕಿದ್ದು

ನಮ್ಮ ಯಜಮಾನರ ಹೆಸರನ್ನು ನಾನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿದವಳಲ್ಲ. ಹೆಂಡತಿ ಹೆಸರು ಹಿಡಿದು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಬರೆಯಬಾರದು ಎಂದು ಮಾತ್ರ ಯಾರೂ ಹೇಳಿಲ್ಲ. ಹೆಂಗಸರೂ ಬರೆಯುತ್ತಾರೆ ಎಂದು ಆ ಶಾಸ್ತ್ರ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. ಆದ್ದರಿಂದ ಬರೆಯುತ್ತೇನೆ: ರೇಣುಕಯ್ಯ. ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

ನಾನು ಶಿವರುದ್ರಮ್ಮ, ಕೊರಟಗೆರೆ ಕಡೆಯವಳು. ಮದುವೆಯಾಗಿ ಬಂದಾಗ ನನಗೆ ಅಕ್ಷರ ಬರುತ್ತಿರಲಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಬರುತ್ತಿತ್ತು. ಅಕ್ಷರವನ್ನು ಅವರು ಕಲಿಸಿದರು, ಒಲೆಯ ಮುಂದೆ ಬೂದಿ ಹರಡಿ, ನನ್ನ ಬೆರಳು ಹಿಡಿದು ತಿದ್ದಿಸಿ. ಸಿಟ್ಟು ಬಿಡಿಸುವುದು ಅವರಿಂದ ಆಗಲಿಲ್ಲ. ಬಿಡಿಸಬೇಕಾದವರೇ ದಿನಕ್ಕೊಂದು ಕಾರಣ ಒದಗಿಸುತ್ತಿದ್ದರು.

ಒಂದು ದಿನ ನೋಡುತ್ತೇನೆ, ಮನೆಯಲ್ಲಿ ಬೀಸುವ ಕಲ್ಲೇ ಇಲ್ಲ. ಸ್ಕೂಲಿಗೆ ಹೋಗಿದೆ. ಕಲ್ಲಿನ ಅಂಚಿನಲ್ಲಿ ಗೂಟ ಇತ್ತಲ್ಲ, ಅದು ಸಾಲದೆಂದು ನಡುವಿಗೆ ಹತ್ತಿರ ಇನ್ನೊಂದು ತೂತು ಕೊರೆಸಿ ಇನ್ನೊಂದು ಗೂಟ ನೆಟ್ಟಿದ್ದರು. ಅಂಚಿನ ಗೂಟ ಹಿಡಿದು ತಿರುಗಿಸಿದರೆ ಹಗುರ, ಒಳಗಿನ ಗೂಟ ಹಿಡಿದರೆ ಭಾರ. ಕಲ್ಲು ಅದೇ, ಕೈಯೂ ಅದೇ, ಮತ್ತೆ ಹೀಗೇಕೆ ಎನ್ನುವುದು ಅವತ್ತಿನ ಪಾಠ. ಸಂಜೆ ಕಲ್ಲು ಎರಡು ತೂತಿನೊಂದಿಗೆ ಮನೆಗೆ ಬಂತು.

"ಈ ಹೊಸ ತೂತಲ್ಲಿ ನಿಮ್ಮ ತಲೆ ತುರುಕ್ಲಾ?" ಎಂದೆ.

ಅವರು ಬಗ್ಗಿ ತೂತನ್ನು ನೋಡಿ, "ಹಿಡಿಸೋಲ್ಲ ಕಣೇ, ಒಂದೇ ಅಂಗುಲದ್ದು" ಎಂದರು. ಇಂಥವರ ಜೊತೆ ಜಗಳ ಆಡುವುದು ಹೇಗೆ, ನೀವೇ ಹೇಳಿ.

ಅವರ ಪಾಠವೆಲ್ಲ ಹೀಗೇ. ಪುಸ್ತಕ ಆಮೇಲೆ, ಕೈ ಮೊದಲು. ಬಲ, ಚಲನೆ ಎಂಬ ಮಾತುಗಳನ್ನು ಹುಡುಗರ ಬೆವರು ಇಳಿದ ಮೇಲೆಯೇ ಹಲಗೆಯ ಮೇಲೆ ಬರೆಯುತ್ತಿದ್ದರು. ಬೆಟ್ಟದ ಬುಡದಲ್ಲಿ ಹತ್ತು ಜನ ತಳ್ಳಿದರೂ ಅಲುಗದ ಗುಂಡನ್ನು ಒಬ್ಬನೇ ಹುಡುಗನ ಕೈಗೆ ಹಾರೆ ಕೊಟ್ಟು ಮಗ್ಗುಲು ಹೊರಳಿಸಿದ್ದರು. ಹುಣಸೆಮರಕ್ಕೆ ಉಯ್ಯಾಲೆ ಕಟ್ಟಿ ದಪ್ಪನೆಯವನನ್ನೂ ಸಣಕಲನನ್ನೂ ಕೂರಿಸಿ, ಇಬ್ಬರೂ ಹೋಗಿ ಬರುವುದಕ್ಕೆ ಒಂದೇ ಹೊತ್ತು ಹಿಡಿಯುತ್ತದೆಂದು ನಾಡಿ ಹಿಡಿದು ಎಣಿಸಿ ತೋರಿಸಿದ್ದರು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಮ್ಮ ಮನೆ ಸ್ಕೂಲಿನ ಹಿಂದೆಯೇ ಇತ್ತು. ಅಡುಗೆಮನೆ ಕಿಟಕಿಗೂ ಅವರ ತರಗತಿಯ ಕಿಟಕಿಗೂ ನಡುವೆ ಒಬ್ಬರು ನಡೆಯುವಷ್ಟು ಓಣಿ. ಒಲೆಯ ಮುಂದೆ ಕೂತು ಮೂರು ವರ್ಷ ಪಾಠ ಕೇಳಿದ್ದೇನೆ. ಕೇಳಿದ್ದಷ್ಟೇ. ಕರಿಹಲಗೆ ನಮ್ಮ ಕಡೆಯ ಗೋಡೆಗೇ ತೂಗುಹಾಕಿದ್ದರಿಂದ ಅದರ ಮೇಲೆ ಏನು ಬರೆದರು ಎಂದು ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಎದುರಿಗೆ ಕೂತ ಹುಡುಗರ ಮುಖಗಳು. ಅರ್ಥವಾದಾಗ ಆ ಮುಖಗಳು ಅರಳುವುದನ್ನು ನೋಡಿ, ನನಗೂ ಅರ್ಥವಾಯಿತೋ ಇಲ್ಲವೋ ಎಂದು ತಾಳೆ ನೋಡಿಕೊಳ್ಳುತ್ತಿದ್ದೆ.

ತೊಂದರೆ ಬಂದದ್ದು ತಿಕ್ಕಾಟದ ಪಾಠದ ದಿನ. ಘರ್ಷಣೆ ಎಂದು ಪುಸ್ತಕದಲ್ಲಿತ್ತು. ಇವರು ತಿಕ್ಕಾಟ ಎನ್ನುತ್ತಿದ್ದರು. ನೆಲದ ಮೇಲೆ ಹಲಗೆ ಇಟ್ಟು ಅದರ ಮೇಲೆ ಒರಳು ಕೂರಿಸಿ ಎಳೆಸಿದರು, ಬರಲಿಲ್ಲ. ಆಮೇಲೆ ಹಲಗೆಯ ಕೆಳಗೆ ಒಂದು ಸೇರು ರಾಗಿ ಹರಡಿ ಎಳೆಸಿದರು, ಜರ್ರನೆ ಬಂತು. ಆ ರಾಗಿ ಯಾರ ಮನೆಯದು ಎಂದು ಕೇಳಬೇಡಿ. ಅದೇ ಹೊತ್ತಿಗೆ ಸ್ಕೂಲು ಕಮಿಟಿಯ ಹಿರಿಯರು ಮಹಾಲಿಂಗಯ್ಯನವರು ಒಳಗೆ ಕಾಲಿಟ್ಟರು. ಆಳು ಭಾರಿ. ರಾಗಿಯ ಮೇಲೆ ಕಾಲಿಟ್ಟದ್ದೇ ತಡ, ಒರಳಿಗಿಂತ ಚೆನ್ನಾಗಿ ಜಾರಿ ಬಾಗಿಲಿನಿಂದ ಮೇಜಿನವರೆಗೆ ಬಂದು ಕೂತರು. ಹುಡುಗರು ನಗಲಿಲ್ಲ. ನಮ್ಮವರೇ, "ನೋಡಿದ್ರೇನ್ರೋ, ಕಾಳು ಉರುಳಿದ್ರೆ ತಿಕ್ಕಾಟ ಎಷ್ಟು ಕಮ್ಮಿ ಆಯ್ತು" ಎಂದು ಬಿಟ್ಟರು.

ಮಹಾಲಿಂಗಯ್ಯನವರು ಸೊಂಟಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಮೇಲಕ್ಕೆ ಅರ್ಜಿ ಬರೆದರು. ಈ ಮೇಷ್ಟ್ರು ಓದಿಸುವುದಿಲ್ಲ, ಕಲ್ಲು ಹೊರಿಸುತ್ತಾರೆ, ಆಟ ಆಡಿಸುತ್ತಾರೆ ಎಂದು. ನಮ್ಮವರದು ಹಂಗಾಮಿ ಕೆಲಸ. ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ, ಸರಿಯಿಲ್ಲ ಎಂದು ಬರೆದರೆ ವಿಜ್ಞಾನದ ಪಾಠ ಕಿತ್ತುಕೊಂಡು ಪಾವಗಡದ ಆಚೆ, ಗಡಿಯ ಹಳ್ಳಿಯೊಂದಕ್ಕೆ ಅಕ್ಷರ ತಿದ್ದಿಸಲು ಕಳಿಸುತ್ತಾರೆ ಎಂದು ತಿಳಿಯಿತು. ಅವರು ಅವತ್ತು ಮುದ್ದೆ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದರು. ಆ ಮನುಷ್ಯನಿಂದ ಬೀಸುವ ಕಲ್ಲು, ಹಾರೆ, ಉಯ್ಯಾಲೆ ಕಿತ್ತುಕೊಂಡರೆ ಉಳಿಯುವುದೇನು? ಸಿದ್ದರಬೆಟ್ಟಕ್ಕೆ ಬರಿಗಾಲಲ್ಲಿ ಹತ್ತಿ ಬರುತ್ತೇನೆಂದು ಹರಕೆ ಕಟ್ಟಿಕೊಂಡೆ.

ಇನ್‌ಸ್ಪೆಕ್ಟರಿಗೆ ಕಪಿಲೆ ತೋರಿಸಬೇಕೆಂದು ಅವರು ತೀರ್ಮಾನ ಮಾಡಿದರು. ಕಪಿಲೆ ಗೊತ್ತಲ್ಲ? ಬಾವಿಯ ಮೇಲೆ ಎರಡು ಕಲ್ಲುಕಂಬ, ನಡುವೆ ದೊಡ್ಡ ರಾಟೆ. ಹಗ್ಗದ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಜೋಡೆತ್ತು. ಎತ್ತು ಇಳಿಜಾರಿನಲ್ಲಿ ಇಳಿದರೆ ಬಾನಿ ಮೇಲೆ ಬರುತ್ತದೆ, ಎತ್ತು ಹಿಂದೆ ಹಿಂದೆ ಹತ್ತಿದರೆ ಬಾನಿ ಬಾವಿಗೆ ಇಳಿಯುತ್ತದೆ. ಎತ್ತು ಇಳಿಯುವಾಗ ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಾನೆ. ಬೆಟ್ಟದ ಕೆಳಗಿನ ಮುದ್ದಣ್ಣನ ತೋಟದಲ್ಲಿ ಇಂಥದೊಂದಿತ್ತು. ಹಿಂದಿನ ವಾರ ಎತ್ತಿನ ಬದಲು ಹುಡುಗರನ್ನೇ ಹಗ್ಗಕ್ಕೆ ಹಚ್ಚಿ ನೋಡಿದ್ದರು. ಹದಿನಾರು ಹುಡುಗರು ಎಳೆದಾಗ ಬಾನಿ ಬಂತು. ಹದಿನೈದಕ್ಕೆ ಜಪ್ಪಯ್ಯ ಎನ್ನಲಿಲ್ಲ.

ಈ ಲೆಕ್ಕವನ್ನು ನಾನು ಕಿಟಕಿಯಿಂದ ಕೇಳಿಸಿಕೊಂಡೆ. ತಿಕ್ಕಾಟ ಇರುವ ಕಡೆ ಎಣ್ಣೆ ಬಿಟ್ಟರೆ ಹಗುರಾಗುತ್ತದೆ ಎಂದು ಹೇಳಿದ್ದನ್ನೂ ಕೇಳಿಸಿಕೊಂಡೆ. ಮುದ್ದಣ್ಣನ ರಾಟೆ ಹೇಗೆ ಕಿರುಚುತ್ತಿತ್ತೆಂದರೆ ನಮ್ಮ ಬೀದಿಗೆ ಕೇಳುತ್ತಿತ್ತು. ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ, ಮುದ್ದಣ್ಣ ಎತ್ತು ಹೊಡೆದುಕೊಂಡು ಬರುವ ಮೊದಲೇ, ನೀರಿಗೆ ಹೋದವಳು ಕೊಡದ ಜೊತೆ ಒಂದು ಗಿಂಡಿ ಹರಳೆಣ್ಣೆಯನ್ನೂ ತೆಗೆದುಕೊಂಡು ಹೋದೆ. ಕಟ್ಟೆಯ ಮೇಲೆ ನಿಂತು ರಾಟೆಯ ಅಚ್ಚಿಗೆ ಎರಡೂ ಕಡೆ ಸುರಿದೆ. ತಿರುಗಿಸಿ ನೋಡಿದೆ. ಸದ್ದೇ ಇಲ್ಲ, ಬೆಣ್ಣೆ. ಇವತ್ತು ನಮ್ಮವರ ಕಪಿಲೆ ಹೂವಿನ ಹಾಗೆ ನಡೆಯುತ್ತದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಬಂದೆ.

ಹನ್ನೊಂದು ಗಂಟೆಗೆ ಎಲ್ಲರೂ ತೋಟದಲ್ಲಿ ಸೇರಿದರು. ಇನ್‌ಸ್ಪೆಕ್ಟರು ಕೋಟು ರುಮಾಲಿನವರು, ಕೈಯಲ್ಲಿ ಪುಸ್ತಕ. ಪಕ್ಕದಲ್ಲಿ ಮಹಾಲಿಂಗಯ್ಯನವರು. ನಾನು ಮುದ್ದಣ್ಣನ ಹೆಂಡತಿ ಪುಟ್ಟಕ್ಕನ ಜೊತೆ ನುಗ್ಗೆಗಿಡದ ಹಿಂದೆ ನಿಂತಿದ್ದೆ. ಮುದ್ದಣ್ಣ ಹಗ್ಗದ ಮೇಲೆ ಕೂತು ಹೋಯ್ ಎಂದ. ಎತ್ತುಗಳು ಒಂದು ಹೆಜ್ಜೆ ಇಟ್ಟವು. ನಿಂತವು. ಕಿವಿ ನಿಮಿರಿಸಿ ಹಿಂದಕ್ಕೆ ನೋಡಿದವು. ಬಾಲ ತಿರುಚಿದರೂ ಇಲ್ಲ, ಬಾರುಕೋಲು ತೋರಿಸಿದರೂ ಇಲ್ಲ.

"ಇದ್ಯಾಕ್ಲಾ ಇಂಗೆ ನಿಂತ್ಬುಟ್ವು" ಎಂದು ಮುದ್ದಣ್ಣ ಇಳಿದು ರಾಟೆ ನೋಡಿದ. ಬೆರಳು ಮುಟ್ಟಿಸಿ ಮೂಸಿದ. "ಯಾರೋ ಎಣ್ಣೆ ಬುಟ್ಟವ್ರೆ ಮೇಷ್ಟ್ರೇ. ಕೆಟ್ಟೋಯ್ತು. ಮೂರು ವರ್ಸದ ಕೆಳಗೆ ಹಗ್ಗ ಕಿತ್ತೋಗಿ ಎತ್ತೆರಡೂ ಮಂಡಿ ಮ್ಯಾಲೆ ಬಿದ್ದಿದ್ವು. ಹಗ್ಗ ಕಿತ್ರೆ ರಾಟೆ ಕೂಗೋದು ನಿಲ್ತದಲ್ಲ, ಅದ್ಕೆ ಅವತ್ತಿಂದ ಕೂಗು ನಿಂತ್ರೆ ನಿಂತ್ಕಳಂಗೆ ನಾನೇ ಪಳಗ್ಸಿವ್ನಿ. ಅದು ಕೂಗ್ದಲೆ ಇವು ಒಂದು ಹೆಜ್ಜೆನೂ ಇಕ್ಕಾಕಿಲ್ಲ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಮಹಾಲಿಂಗಯ್ಯನವರಿಗೆ ಹಾಲು ಅನ್ನ ಉಂಡಷ್ಟು ಸಂತೋಷ. "ಎತ್ತಿಗೂ ಈ ಪಾಠ ಹಿಡಿಸ್ಲಿಲ್ಲ ನೋಡಿ" ಎಂದರು. ಇನ್‌ಸ್ಪೆಕ್ಟರು ಪುಸ್ತಕ ಮುಚ್ಚಿದರು.

"ಮೇಷ್ಟ್ರೇ, ನಾನು ಕೇಳೋದು ಒಂದೇ. ಈ ಆಟಗಳಿಂದ ಯಾರಾದರೂ ಒಬ್ಬರು, ಒಂದು ವಿಷಯವನ್ನ ಕಲಿತು, ತಾವಾಗಿ ಬಳಸಿದ್ದುಂಟೋ?"

ನಮ್ಮವರು ರಾಟೆಯಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ನೋಡಿದರು. ಆಮೇಲೆ ನುಗ್ಗೆಗಿಡದ ಕಡೆ ನೋಡಿದರು. ನಮ್ಮ ಮನೆಯ ಹರಳೆಣ್ಣೆಯ ವಾಸನೆ ಅವರಿಗೆ ತಿಳಿಯದೆ ಇರುತ್ತದೆಯೇ? ವಾರಕ್ಕೊಮ್ಮೆ ಅವರ ತಲೆಗೆ ತಿಕ್ಕುತ್ತಿದ್ದವಳು ನಾನೇ.

"ಎಣ್ಣೆ ಹಾಕಿದ್ದು ನಾನು ಸ್ವಾಮಿ" ಎಂದರು. "ಎತ್ತಿನ ಅಭ್ಯಾಸ ವಿಚಾರಿಸದೆ ಹಾಕಿದ್ದು ತಪ್ಪು. ನೀವು ಬರೆಯೋದು ಬರೀರಿ."

ಹುಟ್ಟಿದಾಗಿನಿಂದ ಸುಳ್ಳು ಹೇಳದ ಬಾಯಿ ಅದು. ನನಗೆ ಎಲ್ಲಿತ್ತೋ ಸಿಟ್ಟು, ಅವರ ಮೇಲೋ ನನ್ನ ಮೇಲೋ ತಿಳಿಯದು. ಪುಟ್ಟಕ್ಕ ಸೆರಗು ಹಿಡಿದೆಳೆದರೂ ಕೊಡವಿಕೊಂಡು ಮುಂದೆ ಬಂದೆ.

"ಹಾಕಿದ್ದು ಅವರಲ್ಲ. ನಾನು."

ಗಂಡಸರೆಲ್ಲ ತಿರುಗಿದರು. ಇನ್‌ಸ್ಪೆಕ್ಟರು, "ಯಾಕಮ್ಮ ಹಾಕಿದೆ?" ಎಂದರು.

"ತಿಕ್ಕಾಟ ಕಮ್ಮಿ ಆಗ್ಲಿ ಅಂತ. ಅಚ್ಚು ಒಣಗಿದ್ರೆ ಎಳೆಯೋರ ಅರ್ಧ ಬಲ ಅದಕ್ಕೇ ಹೋಗುತ್ತೆ. ತಪ್ಪಾಗಿದ್ದು ಎತ್ತಿನ ಕಿವಿಗೆ ಸ್ವಾಮಿ, ಲೆಕ್ಕಕ್ಕಲ್ಲ. ಬೇಕಾದ್ರೆ ಎತ್ತು ಬಿಚ್ಚಿಸಿ ಹುಡುಗರ ಕೈಲಿ ಎಳೆಸಿ. ಹೋದ ವಾರ ಹದಿನಾರು ಜನ ಬೇಕಾಗಿತ್ತು. ಇವತ್ತು ಅಷ್ಟು ಬೇಕಾಗಲ್ಲ."

ಹೇಳಿದ್ದೇನೋ ಹೇಳಿದೆ. ಹದಿನಾರೂ ಜನ ಬೇಕಾಗಿಬಿಟ್ಟರೆ ಪಾವಗಡಕ್ಕೆ ಗಂಟು ಕಟ್ಟಿದವಳು ನಾನೇ ಆಗುತ್ತಿದ್ದೆ. ಮುದ್ದಣ್ಣ ಎತ್ತು ಬಿಚ್ಚಿದ. ಹದಿನಾರು ಹುಡುಗರು ಹಗ್ಗ ಹಿಡಿದರು. ಬಾನಿ ಎಷ್ಟು ಜೋರಾಗಿ ಬಂತೆಂದರೆ ಅರ್ಧ ನೀರು ಕಟ್ಟೆಯ ಮೇಲೆ ಚೆಲ್ಲಿತು. ನಮ್ಮವರು ಒಬ್ಬೊಬ್ಬರನ್ನೇ ಹೊರಗೆ ಕರೆಯುತ್ತಾ ಹೋದರು. ಹದಿನಾಲ್ಕಕ್ಕೂ ಬಂತು. ಹನ್ನೆರಡಕ್ಕೂ ಬಂತು. ಹನ್ನೊಂದಕ್ಕೆ ಅರ್ಧ ಬಂದು ನಿಂತಿತು.

"ಹಗ್ಗದ ಮೇಲೆ ಭಾರ ಕೂತ್ರೆ ಹನ್ನೊಂದಕ್ಕೂ ಬರುತ್ತೆ ಸಾರ್" ಎಂದಿತು ಹುಡುಗರ ಗುಂಪು.

ಇನ್‌ಸ್ಪೆಕ್ಟರು ಸುತ್ತ ನೋಡಿ, "ಮಹಾಲಿಂಗಯ್ಯನವರೇ, ತಾವು ದಯಮಾಡಿಸಬೇಕು" ಎಂದರು. ಇಲ್ಲ ಎನ್ನುವ ಹಾಗಿಲ್ಲ, ದೊಡ್ಡ ಅಧಿಕಾರಿ. ಕಚ್ಚೆ ಬಿಗಿದು ಹಗ್ಗದ ಮೇಲೆ ಕೂತರು. ಬಾನಿ ಹನ್ನೊಂದಕ್ಕೆ ಬಂತು, ಹತ್ತಕ್ಕೂ ಬಂತು. ಇನ್ನೊಂದು ಸಲ ಕೂರಬೇಕೇ ಎಂದು ಅವರೇ ಕೇಳಿದರು. ಪಾಪ, ಕೆಟ್ಟ ಮನುಷ್ಯನೇನಲ್ಲ.

ಇನ್‌ಸ್ಪೆಕ್ಟರು ಪುಸ್ತಕ ಬಿಚ್ಚಿ ನನ್ನ ಕಡೆ ತಿರುಗಿದರು. "ಇದನ್ನೆಲ್ಲ ನಿನಗೆ ಕಲಿಸಿದವರು ಯಾರಮ್ಮ?"

ನಾನು ಬಾಯಿ ತೆರೆದು ಮುಚ್ಚಿದೆ. ಹೆಸರು ಹೇಳುವುದು ಹೇಗೆ? ನುಗ್ಗೆಗಿಡದ ಹಿಂದೆ ಪುಟ್ಟಕ್ಕ ಕಿಸಕ್ಕೆಂದಳು. ಕಾಲುವೆಯ ಪಕ್ಕ ಚೆಲ್ಲಿದ ನೀರಿಗೆ ಮಣ್ಣು ಹಸಿಯಾಗಿತ್ತು. ಬಗ್ಗಿ ಬೆರಳಿನಲ್ಲಿ ಬರೆದೆ: ರೇಣುಕಯ್ಯ. ಬೂದಿಯಲ್ಲಿ ಸಾವಿರ ಸಲ ಬರೆದು ಅವರು ಬರುವ ಮೊದಲೇ ಅಳಿಸುತ್ತಿದ್ದ ಹೆಸರು ಅದು. ತಲೆ ಎತ್ತಿದಾಗ ನಮ್ಮವರು ಆ ಅಕ್ಷರಗಳನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ನನಗೂ ಅಳು ಬಂತು, ಮುಚ್ಚಿಡುವುದೇಕೆ.

ಇನ್‌ಸ್ಪೆಕ್ಟರು ಅದನ್ನು ಓದಿ, ಪುಸ್ತಕದಲ್ಲಿ ಬರೆದುಕೊಂಡು ಹೋದರು. ಎರಡು ತಿಂಗಳಿಗೆ ಕೆಲಸ ಖಾಯಂ ಆಯಿತು. ಮುದ್ದಣ್ಣ ಮಾತ್ರ ಬೂದಿ, ಸೀಗೆಪುಡಿ ಹಾಕಿ ಮೂರು ದಿನ ರಾಟೆ ತೊಳೆದ. ಆ ಮೂರು ದಿನ ಸ್ಕೂಲಿನ ಹುಡುಗರೇ ಹೋಗಿ ಅವನ ತೋಟಕ್ಕೆ ನೀರು ಎಳೆದುಕೊಟ್ಟರು.

ಇನ್‌ಸ್ಪೆಕ್ಟರು ಬಂದುಹೋದ ದಿನ ಸಂಜೆ ಮನೆಯಲ್ಲಿ ಅವರು ಕೇಳಿದ್ದು ಒಂದೇ ಮಾತು. "ಎಣ್ಣೆ ಹಾಕೋ ಮೊದಲು ರಾಟೆ, ಎತ್ತು, ಆಳು ಎಲ್ಲಾನೂ ಸೇರಿಸಿ ನೋಡ್ಬೇಕು ಅಂತ ಹಲಗೆ ಮೇಲೆ ಚಿತ್ರ ಬರೆದಿದ್ದೆನಲ್ಲೇ, ನೋಡ್ಲಿಲ್ವಾ?"

"ಹಲಗೆ ನಂಗೆಲ್ಲಿ ಕಾಣುತ್ತೆ?" ಎಂದು ರೇಗಿದೆ. "ಮೂರು ವರ್ಷದಿಂದ ನಂಗೆ ಕಾಣೋದು ಹುಡುಗರ ಮುಸುಡಿ ಅಷ್ಟೇ."

ಮರುದಿನ ಒಲೆ ಹಚ್ಚಿ ಕಿಟಕಿಯ ಕಡೆ ತಿರುಗಿದೆ. ಹುಡುಗರ ಮುಖ ಕಾಣಲಿಲ್ಲ, ಬೆನ್ನು ಕಂಡಿತು. ಎಲ್ಲರೂ ಆಚೆಕಡೆ ತಿರುಗಿ ಕೂತಿದ್ದರು. ಅವರ ತಲೆಗಳ ಮೇಲೆ, ಎದುರು ಗೋಡೆಯಲ್ಲಿ, ಕರಿಹಲಗೆ ನನಗೆ ನೇರವಾಗಿ ಕಾಣುತ್ತಿತ್ತು. ಹಲಗೆಯ ಪಕ್ಕ ನಿಂತ ನಮ್ಮವರು ಹಿಂದಿನ ಸಾಲಿಗೂ ಕಾಣುತ್ತಿದೆಯೇ ಎಂದು ಜೋರಾಗಿ ಕೇಳಿದರು. ಹಿಂದಿನ ಸಾಲಿನ ಹುಡುಗರು ಕಾಣ್ತಿದೆ ಸಾರ್ ಎಂದರು. ಅವರು ಇನ್ನೂ ಕಾಯುತ್ತಾ ನಿಂತಿದ್ದರು. ನಾನು ಸೌಟು ಹಿಡಿದಿದ್ದ ಕೈಯನ್ನು ಕಿಟಕಿಯಿಂದ ಎತ್ತಿ ತೋರಿಸಿದೆ. ಆಮೇಲೆ ಪಾಠ ಶುರುವಾಯಿತು. ಅವತ್ತು ಸಾರು ತಳ ಹತ್ತಿತು, ಅವರು ಒಂದು ಮಾತೂ ಆಡದೆ ಉಂಡರು.